ಕುದುರೆಯ ಕ್ಷೇಮಸಮಾಚಾರ

ಮೂರು ತಿಂಗಳ ಹಿಂದೆ ನಮ್ಮ ಬಹುಕಾಲದ ಮಿತ್ರರೊಬ್ಬರು ಸಪತ್ನೀಕರಾಗಿ ನಮ್ಮ ಮನೆಗೆ ದಯಮಾಡಿಸಿದ್ದರು. ನಮ್ಮ ಮನೆಗೆ ಹದಿನಾಲ್ಕು ಮೆಟ್ಟಿಲುಗಳಿವೆ. ಅವುಗಳನ್ನು ಹತ್ತಿ ಬಂದು ಕುರ್ಚಿಯಲ್ಲಿ ಆಸೀನರಾದವರು, ಕುಶಲಪ್ರಶ್ನೆಗೆ ಉತ್ತರ ಹೇಳುವುದಕ್ಕೂ ಮೊದಲು ಎರಡು ನಿಮಿಷ ಸುಧಾರಿಸಿಕೊಳ್ಳಬೇಕಾಯಿತು. ಆ ಬಳಿಕ ತಮ್ಮ ದೂರನ್ನು ನಮ್ಮ ಮುಂದಿಟ್ಟರು.

"ಮೇಷ್ಟರೇ, ಈ ಡಾಕ್ಟರದು ಯಾವ ನ್ಯಾಯ, ನೀವೇ ಹೇಳಿ. ಆರು ವರ್ಷಗಳಿಂದ ಬಿ.ಪಿ.ಗೆ ತಪ್ಪದೆ ಗುಳಿಗೆ ನುಂಗುತ್ತಿದ್ದೇನೆ. ಒತ್ತಡ ಹಿಡಿತದಲ್ಲಿದೆಯೆಂದು ಅವರೇ ಒಪ್ಪುತ್ತಾರೆ. ಆದರೂ ಹೋದಾಗಲೆಲ್ಲ ನನ್ನ ಹೊಟ್ಟೆಯನ್ನು ನೋಡಿ, ತೂಕ ಇಳಿಸಿ, ತೂಕ ಇಳಿಸಿ ಎನ್ನುತ್ತಾರೆ. ಒತ್ತಡ ಇಳಿದ ಮೇಲೆ ಹೊಟ್ಟೆಯ ಗೊಡವೆ ಅವರಿಗೇಕೆ?"

ಪ್ರಶ್ನೆಯು ನ್ಯಾಯವಾದುದೇ. ನಾವು ವೈದ್ಯರಲ್ಲ, ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಆದರೆ ಪ್ರಶ್ನೆಯೊಂದು ಎದುರಿಗೆ ಬಂದಾಗ ಗ್ರಂಥಗಳನ್ನು ತಿರುವಿ ನೋಡದೆ, ತಿಳಿದವರನ್ನು ಕೇಳದೆ ಸುಮ್ಮನಿರುವುದು ನಮ್ಮ ವೃತ್ತಿಯ ಅಭ್ಯಾಸವಲ್ಲ. ಹಾಗೆ ನೋಡಿ, ಕೇಳಿ, ತಿಳಿದುಕೊಂಡುದನ್ನು ಈ ತಿಂಗಳು ವಾಚಕ ಮಹಾಶಯರ ಮುಂದಿಡುತ್ತೇವೆ. ಇಂತಹುದೇ ಸಂಶಯವು ಅನೇಕ ಮನೆಗಳಲ್ಲಿ ಇರಬಹುದೆಂದು ನಮ್ಮ ಊಹೆ.

ಮೊದಲು ಒಂದು ಹಳೆಯ ವೃತ್ತಾಂತ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಲಿಯಂ ಹೋವರ್ಡ್ ಟಾಫ್ಟ್ ಎಂಬ ಮಹನೀಯರು 1909ರಿಂದ 1913ರ ವರೆಗೆ ಅಧ್ಯಕ್ಷರಾಗಿದ್ದರು. ಅದಕ್ಕೆ ಮುಂಚೆ, 1901ರಿಂದ 1903ರ ವರೆಗೆ, ಫಿಲಿಪ್ಪೀನ್ಸ್ ದ್ವೀಪಗಳಿಗೆ ಗವರ್ನರಾಗಿದ್ದರು. ಅಲ್ಲಿ ಕಾಯಿಲೆಯಿಂದ ಚೇತರಿಸಿಕೊಂಡ ಒಂದು ಸಂದರ್ಭದಲ್ಲಿ, ತಾವು ಬೆಟ್ಟದ ದಾರಿಯಲ್ಲಿ ಇಪ್ಪತ್ತೈದು ಮೈಲಿ ಕುದುರೆಯ ಮೇಲೆ ಹೋಗಿ ಬಂದುದಾಗಿಯೂ, ಕ್ಷೇಮವಾಗಿರುವುದಾಗಿಯೂ ವಾಷಿಂಗ್ಟನ್ನಿಗೆ ತಂತಿ ಕೊಟ್ಟರಂತೆ. ಅಲ್ಲಿ ಯುದ್ಧ ಕಾರ್ಯದರ್ಶಿಗಳಾಗಿದ್ದ ಎಲಿಹು ರೂಟರು ಟಾಫ್ಟರ ಶರೀರದ ಗಾತ್ರವನ್ನು ಚೆನ್ನಾಗಿ ಬಲ್ಲವರು. ಅವರು ಮರುತಂತಿಯಲ್ಲಿ ವಿಚಾರಿಸಿದುದು ಒಂದನ್ನೇ: ಕುದುರೆ ಹೇಗಿದೆ ಎಂದು!

ಈ ಕಥೆಯನ್ನು ಟಾಫ್ಟರು ತಾವೇ ಎಲ್ಲರಿಗೂ ಹೇಳಿ ನಗುತ್ತಿದ್ದರು. ನಮಗೂ ನಗು ಬಂದಿತು. ಆದರೆ ನಗು ಮುಗಿದ ಮೇಲೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿರುವುದು ಬಲ್ಲವರಿಗೆ ತಿಳಿದೇ ಇದೆ. ಇಂದಿನ ನಮ್ಮ ವಿಚಾರಕ್ಕೆ ಮಾತ್ರ ಕುದುರೆ ಒಂದೇ. ಅದು ನಮ್ಮ ಎದೆಯೊಳಗಿದೆ. ಸವಾರನು ಕ್ಷೇಮವೆಂದು ಹೇಳಿಕೊಳ್ಳುತ್ತಿರುವಾಗ ಆ ಕುದುರೆಯ ಕ್ಷೇಮವನ್ನು ಯಾರಾದರೂ ವಿಚಾರಿಸಬೇಕಷ್ಟೆ.

ಹೃದಯವು ತನ್ನ ಮುಷ್ಟಿಯಷ್ಟು ದೊಡ್ಡದು; ತೂಕದಲ್ಲಿ ಸುಮಾರು 300 ಗ್ರಾಂ. ಆದರೆ ಅದರ ದುಡಿಮೆ ಅಸಾಧಾರಣ. ನಿಮಿಷಕ್ಕೆ ಎಪ್ಪತ್ತೆರಡು ಬಾರಿ ಮಿಡಿಯುವ ಹೃದಯವು ಅಹೋರಾತ್ರದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಮಿಡಿಯುತ್ತದೆ. ಮನುಷ್ಯನು ಸುಮ್ಮನೆ ಕುಳಿತಿದ್ದಾಗಲೂ ಅದು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರಕ್ಕೆ ತಳ್ಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 7,200 ಲೀಟರಾಯಿತು. ಹದಿನೈದು ಲೀಟರು ಹಿಡಿಯುವ ಕೊಡದಲ್ಲಿ ಅಳೆದರೆ ನಾನೂರ ಎಂಬತ್ತು ಕೊಡ! ಮನೆಯಲ್ಲಿ ಯಾವ ಆಳೂ ಇಷ್ಟು ನೀರು ಹೊರಲಾರನು.

ರಕ್ತವು ನಾಳಗಳ ಗೋಡೆಯನ್ನು ಒತ್ತುತ್ತಾ ಹರಿಯುವುದೆಂಬುದನ್ನು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಪಾದ್ರಿಗಳಾದ ಸ್ಟೀಫನ್ ಹೇಲ್ಸರು. ಅವರ ಗ್ರಂಥ 1733ರಲ್ಲಿ ಪ್ರಕಟವಾಯಿತು. ಕಾಕತಾಳೀಯವೆಂಬಂತೆ, ಅಳತೆಗೆ ಒಳಗಾದುದೂ ಒಂದು ಕುದುರೆಯೇ. ಅದರ ರಕ್ತನಾಳಕ್ಕೆ ಸೇರಿಸಿದ ಗಾಜಿನ ಕೊಳವೆಯಲ್ಲಿ ರಕ್ತವು ಹೃದಯದ ಮಟ್ಟದಿಂದ ಎಂಟು ಅಡಿ ಮೂರು ಅಂಗುಲ ಎತ್ತರಕ್ಕೆ ಏರಿ ನಿಂತಿತು. ಮನುಷ್ಯರಿಗೆ ಇಂತಹ ಹಿಂಸೆಯಿಲ್ಲದೆ ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವ ಉಪಾಯವನ್ನು ಇಟಲಿಯ ರೀವಾ-ರೋಚಿಯವರು 1896ರಲ್ಲಿ ಪ್ರಚುರಪಡಿಸಿದರು. ಪಟ್ಟಿಯ ಕೆಳಗೆ ನಾಡಿಯ ಶಬ್ದವನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಎರಡು ಅಂಕೆಗಳನ್ನು ನಿರ್ಣಯಿಸುವ ಕ್ರಮವನ್ನು ರಷ್ಯಾದ ಕೊರೊಟ್ಕಾಫರು 1905ರಲ್ಲಿ ತಿಳಿಸಿದರು. ಈ ಎರಡು ಅಂಕೆಗಳು 140 ಮತ್ತು 90ನ್ನು ಮುಟ್ಟಿ ಅಲ್ಲಿಯೇ ನಿಂತರೆ ನಮ್ಮ ವೈದ್ಯರು ಅದನ್ನು ಅಧಿಕ ರಕ್ತದೊತ್ತಡವೆನ್ನುತ್ತಾರೆ.

ಇನ್ನು ಮಿತ್ರರ ಪ್ರಶ್ನೆಗೆ ಬರೋಣ. ಬಾವಿಯಿಂದ ನೀರು ಸೇದುವ ಮೂವರು ಹೆಂಗಸರನ್ನು ಭಾವಿಸಿರಿ. ಮೊದಲನೆಯವಳು ಸೇದಬೇಕಾದುದು ಹತ್ತೇ ಕೊಡ. ಆದರೆ ರಾಟೆ ತುಕ್ಕು ಹಿಡಿದು ಬಿಗಿಯಾಗಿದೆ. ಎರಡನೆಯವಳ ರಾಟೆ ಸಲೀಸು. ಆದರೆ ಮನೆ ದೊಡ್ಡದಾದುದರಿಂದ ಹದಿನೈದು ಕೊಡ ಸೇದಬೇಕು. ಮೂರನೆಯವಳಿಗೆ ಕೊಡವೂ ಹದಿನೈದು, ರಾಟೆಯೂ ತುಕ್ಕಿನದು. ತೆಳ್ಳಗಿದ್ದು ರಕ್ತದೊತ್ತಡವುಳ್ಳವನ ಹೃದಯದ ಪಾಡು ಮೊದಲನೆಯವಳದು. ಒತ್ತಡವಿಲ್ಲದ ಸ್ಥೂಲಕಾಯನ ಹೃದಯದ ಪಾಡು ಎರಡನೆಯವಳದು. ಎರಡೂ ಉಳ್ಳವನ ಹೃದಯದ ಪಾಡು ಮೂರನೆಯವಳದು.

ಮೇದಸ್ಸು ಮೂಟೆಯಂತೆ ಸುಮ್ಮನೆ ಹೇರಿಟ್ಟ ಜಡಪದಾರ್ಥವೆಂದು ನಾವು ತಿಳಿದಿದ್ದೆವು, ಅದು ತಪ್ಪು. ಅದು ಜೀವವುಳ್ಳ ಧಾತು. ಅದಕ್ಕೂ ರಕ್ತ ಬೇಕು. ಮೈ ಬೆಳೆದಂತೆಲ್ಲ ಮೈಯಲ್ಲಿ ಸಂಚರಿಸುವ ರಕ್ತದ ಮೊತ್ತವೂ ಬೆಳೆಯುತ್ತದೆ. ಹೃದಯವು ಪ್ರತಿ ಮಿಡಿತದಲ್ಲಿಯೂ ಹೆಚ್ಚು ರಕ್ತವನ್ನು ಹೊರತಳ್ಳಬೇಕಾಗುತ್ತದೆ. ಅಷ್ಟೇ ಅಲ್ಲದೆ, ಅದರಲ್ಲಿಯೂ ಹೊಟ್ಟೆಯೊಳಗೆ ಶೇಖರವಾದ ಮೇದಸ್ಸು, ಕೆಲವು ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಿಂದ ನಾಳಗಳು ಬಿಗಿಯುತ್ತವೆ. ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಒತ್ತಡವು ಇನ್ನಷ್ಟು ಏರುತ್ತದೆ. ಹೀಗೆ ಬೊಜ್ಜು ಕೊಡಗಳ ಸಂಖ್ಯೆಯನ್ನು ಹೆಚ್ಚಿಸುವುದಲ್ಲದೆ ರಾಟೆಗೆ ತುಕ್ಕನ್ನೂ ತಾನೇ ತರುತ್ತದೆ.

ಈಗ ಗುಳಿಗೆಯ ವಿಚಾರ. ಗುಳಿಗೆಯು ರಾಟೆಗೆ ಹಾಕಿದ ಎಣ್ಣೆ. ಅದು ಅತ್ಯವಶ್ಯಕ, ಅದನ್ನು ಯಾರೂ ತಮ್ಮ ಇಚ್ಛೆಯಿಂದ ನಿಲ್ಲಿಸತಕ್ಕದ್ದಲ್ಲ. ಆದರೆ ಎಣ್ಣೆ ಹಾಕಿದ ಮಾತ್ರಕ್ಕೆ ಸೇದಬೇಕಾದ ಕೊಡಗಳು ಕಡಿಮೆಯಾಗಲಿಲ್ಲವಷ್ಟೆ. ಡಾಕ್ಟರು ಒತ್ತಡದ ಅಂಕೆಯನ್ನು ನೋಡಿ ಸಂತೋಷಪಟ್ಟು, ಆ ಮೇಲೆ ಹೊಟ್ಟೆಯನ್ನು ನೋಡಿ ಎಚ್ಚರಿಸಿದುದು ಈ ಕಾರಣದಿಂದ.

ಇಷ್ಟು ದುಡಿದ ಹೃದಯಕ್ಕೆ ಏನಾಗುತ್ತದೆ? ಗರಡಿಯಲ್ಲಿ ಸಾಮು ಮಾಡಿದವನ ತೋಳಿನಂತೆ ಅದರ ಮಾಂಸವೂ ದಪ್ಪವಾಗುತ್ತದೆ. ಇಡೀ ಶರೀರಕ್ಕೆ ರಕ್ತವನ್ನು ಕಳುಹಿಸುವುದು ಹೃದಯದ ಎಡಭಾಗದ ಕೆಳಗಿನ ಕೋಣೆ. ಅದನ್ನು ಎಡ ಹೃತ್ಕುಕ್ಷಿಯೆನ್ನುತ್ತಾರೆ. ಒತ್ತಡ ಒಂದೇ ಇದ್ದಾಗ ಈ ಕೋಣೆಯ ಗೋಡೆಯು ಒಳಮುಖವಾಗಿ ದಪ್ಪವಾಗುತ್ತದೆ. ಸ್ಥೌಲ್ಯ ಒಂದೇ ಇದ್ದಾಗ ಹೆಚ್ಚು ರಕ್ತವನ್ನು ಹಿಡಿಸಿಕೊಳ್ಳುವುದಕ್ಕಾಗಿ ಕೋಣೆಯೇ ಹಿಗ್ಗುತ್ತದೆ. ಎರಡೂ ಸೇರಿದರೆ ಹಿಗ್ಗುವುದೂ ದಪ್ಪವಾಗುವುದೂ ಒಟ್ಟಿಗೆ ನಡೆದು ಹೃದಯದ ತೂಕವು ಬೆಳೆಯುತ್ತದೆ.

ತೋಳು ದಪ್ಪವಾದರೆ ಬಲ. ಹೃದಯವು ದಪ್ಪವಾದರೆ ಬಲವಲ್ಲ. ಹೃದಯಕ್ಕೆ ಎರಡು ಕೆಲಸಗಳುಂಟು: ಮುದುಡಿ ರಕ್ತವನ್ನು ತಳ್ಳುವುದು ಒಂದು, ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ನಾವು ವಿಶ್ರಾಂತಿಯೆಂದು ಭಾವಿಸುತ್ತೇವೆ. ಗೋಡೆ ದಪ್ಪವಾಗಿ ಗಡುಸಾದಾಗ ಮೊದಲು ಕೆಡುವುದು ಈ ಸಡಿಲಗೊಳ್ಳುವ ಶಕ್ತಿಯೇ. ಪರೀಕ್ಷೆ ಮಾಡಿದರೆ ತಳ್ಳುವ ಬಲ ಸರಿಯಾಗಿಯೇ ಕಾಣಬಹುದು. ಆದರೆ ತುಂಬಿಕೊಳ್ಳಲಾರದ ಕೋಣೆಯ ಹಿಂದೆ ರಕ್ತವು ನಿಂತು, ಆ ಒತ್ತಡವು ಮೇಲಿನ ಕೋಣೆಯಾದ ಹೃತ್ಕರ್ಣಕ್ಕೂ, ಅಲ್ಲಿಂದ ಶ್ವಾಸಕೋಶಗಳಿಗೂ ಹಿಂದಿರುಗುತ್ತದೆ. ಮೆಟ್ಟಿಲು ಹತ್ತುವಾಗ ಬರುವ ಏದುಸಿರಿನ ಒಂದು ಕಾರಣ ಇದು. ಹಿಗ್ಗಿದ ಹೃತ್ಕರ್ಣದಲ್ಲಿ ಮಿಡಿತದ ತಾಳ ತಪ್ಪುವುದುಂಟು. ಹಾಗಾದಾಗ ಒಳಗೆ ರಕ್ತವು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಲಕ್ವ ಹೊಡೆಯುವುದೂ ಉಂಟು. ದಪ್ಪವಾದ ಮಾಂಸಕ್ಕೆ ಪ್ರಾಣವಾಯು ಹೆಚ್ಚು ಬೇಕು. ಅದನ್ನು ಒದಗಿಸುವ ಸೂಕ್ಷ್ಮನಾಳಗಳಾದರೋ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ಇದು ಕೇವಲ ತರ್ಕವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ 5,209 ಮಂದಿ ಸ್ತ್ರೀಪುರುಷರನ್ನು ಆರಿಸಿಕೊಂಡು, ಅವರ ಆರೋಗ್ಯವನ್ನು ವರ್ಷಾನುವರ್ಷ ಗಮನಿಸುವ ಕೆಲಸ ಆರಂಭವಾಯಿತು. ಅದು ಅವರ ಮಕ್ಕಳ ಕಾಲಕ್ಕೂ ಮುಂದುವರಿಯಿತು. ಅಲ್ಲಿ ಹೃದಯವು ಸೋತವರ ಪೂರ್ವೋತ್ತರವನ್ನು 1996ರಲ್ಲಿ ಪರಿಶೀಲಿಸಿದಾಗ, ನೂರಕ್ಕೆ ತೊಂಬತ್ತೊಂದು ಮಂದಿಗೆ ಮುಂಚಿನಿಂದಲೂ ಅಧಿಕ ರಕ್ತದೊತ್ತಡವಿದ್ದುದು ತಿಳಿದುಬಂದಿತು. ಮತ್ತೆ 2002ರಲ್ಲಿ, 5,881 ಮಂದಿಯ ಸರಾಸರಿ ಹದಿನಾಲ್ಕು ವರ್ಷಗಳ ವೃತ್ತಾಂತವನ್ನು ಲೆಕ್ಕ ಹಾಕಿದರು. ಸ್ಥೂಲಕಾಯರಲ್ಲಿ ಹೃದಯವು ಸೋಲುವ ಸಂಭವವು ಇತರರಿಗಿಂತ ಸುಮಾರು ಎರಡರಷ್ಟೆಂದು ಕಂಡಿತು. ರಕ್ತದೊತ್ತಡ ಮುಂತಾದ ಇತರ ಕಾರಣಗಳನ್ನು ಲೆಕ್ಕದಲ್ಲಿ ಬೇರ್ಪಡಿಸಿದ ಮೇಲೂ ಸ್ಥೌಲ್ಯದ ಪಾಲು ಉಳಿದೇ ಇದ್ದಿತು. ಇದೇ ನಮ್ಮ ಮಿತ್ರರ ಪ್ರಶ್ನೆಗೆ ನೇರವಾದ ಉತ್ತರ.

ಟಾಫ್ಟರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅವರು ತಮ್ಮ ಮೈಯ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. 1905ರಲ್ಲಿ ಲಂಡನ್ನಿನ ಯಾರ್ಕ್-ಡೇವೀಸ್ ಎಂಬ ಪಥ್ಯವೈದ್ಯರಿಗೆ ಪತ್ರ ಬರೆದು, ಅವರ ಸಲಹೆಯಂತೆ ಆಹಾರವನ್ನು ನಿಯಮಿಸಿಕೊಂಡು, ಪ್ರತಿದಿನವೂ ತೂಕ ನೋಡಿಕೊಂಡು ವಾರವಾರವೂ ವರದಿ ಕಳುಹಿಸುತ್ತಿದ್ದರು. 314 ಪೌಂಡು ಇದ್ದವರು 1906ರ ಏಪ್ರಿಲ್ ಹೊತ್ತಿಗೆ 255 ಪೌಂಡಿಗೆ ಇಳಿದರು. ಆದರೆ ನಿಯಮವು ಸಡಿಲವಾಯಿತು; 1909ರಲ್ಲಿ ಅಧ್ಯಕ್ಷಪದವಿಯನ್ನು ಸ್ವೀಕರಿಸುವಾಗ 354 ಪೌಂಡು, ಎಂದರೆ ಸುಮಾರು 160 ಕಿಲೋಗ್ರಾಂ ಆಗಿದ್ದರು. ಆ ದಿನಗಳಲ್ಲಿ ಅವರಿಗೆ ಹಗಲಿನಲ್ಲಿಯೇ ತಡೆಯಲಾರದ ನಿದ್ರೆ. ಅತಿಥಿಗಳೊಡನೆ ಮಾತನಾಡುತ್ತಿದ್ದಂತೆಯೇ ತೂಗಡಿಸುತ್ತಿದ್ದರು.

2003ರಲ್ಲಿ ವೈದ್ಯರೊಬ್ಬರು ಹಳೆಯ ದಾಖಲೆಗಳನ್ನೆಲ್ಲ ಶೋಧಿಸಿ ಇದರ ಮೂಲವನ್ನು ಊಹಿಸಿದರು. ಕತ್ತಿನ ಸುತ್ತ ಮೇದಸ್ಸು ತುಂಬಿದವರಿಗೆ ನಿದ್ರೆಯಲ್ಲಿ ಗಂಟಲು ಮುಚ್ಚಿ, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ. ಪ್ರಾಣವಾಯು ಕಡಿಮೆಯಾದೊಡನೆ ಮೆದುಳು ಬೆಚ್ಚಿ ಎಚ್ಚರಿಸುತ್ತದೆ, ಒತ್ತಡವು ನೆಗೆಯುತ್ತದೆ. ರಾತ್ರಿಯೆಲ್ಲ ಹೀಗೆ ಹತ್ತಾರು ಬಾರಿ ಆದರೆ ವಿಶ್ರಾಂತಿಯ ಕಾಲದಲ್ಲಿಯೂ ಹೃದಯಕ್ಕೆ ವಿಶ್ರಾಂತಿಯಿಲ್ಲ. ಪದವಿಯನ್ನು ಬಿಟ್ಟ ಒಂದು ವರ್ಷದೊಳಗೆ ಟಾಫ್ಟರು 60 ಪೌಂಡಿಗೂ ಹೆಚ್ಚು ತೂಕವನ್ನು ಇಳಿಸಿದರು. ಹಗಲು ನಿದ್ರೆಯು ಹೋಯಿತು. 210ರಷ್ಟಿದ್ದ ಮೇಲಿನ ಒತ್ತಡವು 40-50 ಅಂಕೆ ಇಳಿಯಿತು. ಇಂದಿನ ಗುಳಿಗೆಗಳು ಯಾವುವೂ ಇಲ್ಲದಿದ್ದ ಕಾಲ ಅದು! ಆ ಮೇಲೆ 1921ರಲ್ಲಿ ಅವರು ತಮ್ಮ ದೇಶದ ಮುಖ್ಯ ನ್ಯಾಯಾಧೀಶರಾಗಿ, 1930ರ ವರೆಗೆ ಆ ಪದವಿಯಲ್ಲಿದ್ದರು. ಕೊನೆಗೆ ಹೃದಯದ ಮತ್ತು ರಕ್ತನಾಳಗಳ ರೋಗದಿಂದಲೇ 1930ರ ಮಾರ್ಚ್ 8ರಂದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಹುಕಾಲ ಹೊತ್ತ ಹೊರೆಯ ಗುರುತು ಪೂರ್ಣವಾಗಿ ಅಳಿಯಲಿಲ್ಲ. ಆದರೆ ಹೊರೆಯನ್ನು ಇಳಿಸಿದ ಮೇಲೆ ಹದಿನೇಳು ವರ್ಷಗಳ ಪ್ರಯೋಜನಕರವಾದ ಜೀವಿತ ದೊರೆಯಿತು.

ನಾವು ಗೊರಕೆಯ ಈ ವಿಷಯವನ್ನು ಹೇಳುತ್ತಿದ್ದಾಗ ಮಿತ್ರರು ನಕ್ಕರು. ಅವರ ಮನೆಯವರು ನಗಲಿಲ್ಲ. "ಮೇಷ್ಟರೇ, ಇವರ ಗೊರಕೆಗೆ ನಾನು ಹೆದರುವುದಿಲ್ಲ. ಮೂವತ್ತು ವರ್ಷದ ಅಭ್ಯಾಸ. ಅದು ನಡುವೆ ನಿಂತುಹೋಗುತ್ತದಲ್ಲ, ಆಗ ಎದ್ದು ಕುಳಿತು ಎದೆಯ ಮೇಲೆ ಕೈಯಿಟ್ಟು ನೋಡುತ್ತೇನೆ. ಮತ್ತೆ ಗೊರಕೆ ಬಂದರೆ ದೇವರಿಗೆ ಕೈಮುಗಿದು ಮಲಗುತ್ತೇನೆ" ಎಂದರು. ಆರು ವರ್ಷಗಳಿಂದ ಈ ಮಾತನ್ನು ಆಕೆ ಡಾಕ್ಟರಿಗೆ ಹೇಳಿರಲಿಲ್ಲ. ಹೇಳತಕ್ಕ ವಿಷಯವೆಂದು ಆಕೆಗೆ ತೋರಿರಲಿಲ್ಲ. ಗೃಹಿಣಿಯರಲ್ಲಿ ನಮ್ಮ ಪ್ರಾರ್ಥನೆಯೇನೆಂದರೆ, ಇಂತಹುದನ್ನು ಸಂಕೋಚವಿಲ್ಲದೆ ಹೇಳಬೇಕು. ನಿದ್ರಿಸುವವನಿಗೆ ತನ್ನ ನಿದ್ರೆಯ ಸಂಗತಿ ತಿಳಿಯದು. ಸಾಕ್ಷಿ ಹೇಳಬೇಕಾದವರು ಪಕ್ಕದಲ್ಲಿ ಎಚ್ಚರವಾಗಿರುವವರೇ.

ಅಂತೆಯೇ, ಸ್ಥೂಲಕಾಯರು ಏದುಸಿರು ಬಂದರೆ "ಮೈ ಭಾರ, ಅದಕ್ಕೇ" ಎಂದೂ, ಕಾಲು ಊದಿಕೊಂಡರೆ "ಬಹಳ ಹೊತ್ತು ನಿಂತಿದ್ದೆ" ಎಂದೂ ಸಮಾಧಾನ ಹೇಳಿಕೊಳ್ಳುವುದುಂಟು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು, ಎರಡು ಮೂರು ದಿನಗಳಲ್ಲಿ ತೂಕ ಒಮ್ಮೆಗೇ ಏರುವುದು, ನಾಡಿಯು ತಾಳ ತಪ್ಪಿ ಹೊಡೆಯುವುದು, ಇವು ಮೈಭಾರದ ಲಕ್ಷಣಗಳಲ್ಲ. ತಡಮಾಡದೆ ವೈದ್ಯರಿಗೆ ತಿಳಿಸತಕ್ಕವು. ಹೃದಯದ ಗೋಡೆಯನ್ನು ನೋಡಲು ನೋವಿಲ್ಲದ ಎಕೋ ಪರೀಕ್ಷೆಯುಂಟು. ಒತ್ತಡವನ್ನು ಅಳೆಯುವಾಗ ಒಂದು ಸೂಕ್ಷ್ಮ: ದಪ್ಪ ತೋಳಿಗೆ ಚಿಕ್ಕ ಪಟ್ಟಿಯನ್ನು ಸುತ್ತಿದರೆ ಅಂಕೆಯು ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ. ದೊಡ್ಡ ಪಟ್ಟಿಯನ್ನು ಕೇಳಿ ಪಡೆಯಬೇಕು.

ಇನ್ನು ಪರಿಹಾರ. ನಮ್ಮ ಪೂರ್ವಿಕರು ರಕ್ತದೊತ್ತಡವನ್ನು ಅರಿತಿರಲಿಲ್ಲ. ಅರಿತಿದ್ದರೆಂದು ಹೇಳಿಕೊಳ್ಳುವುದು ಅವರಿಗೆ ಗೌರವವಲ್ಲ. ಆದರೆ ಸ್ಥೌಲ್ಯವನ್ನು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಇಪ್ಪತ್ತೊಂದನೆಯ ಅಧ್ಯಾಯದಲ್ಲಿ, ಅತಿಸ್ಥೂಲನಿಗೆ ಎಂಟು ದೋಷಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಆಯುಸ್ಸಿನ ಹ್ರಾಸ. ಅತಿಯಾಗಿ ಉಣ್ಣುವುದು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಇವುಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದ ಪ್ರಕೃತಿಯನ್ನೂ ಅಲ್ಲಿ ಕಾರಣವಾಗಿ ಎಣಿಸಿದೆ. ಈ ಕೊನೆಯ ಮಾತು ನಮಗೆ ಹಿಡಿಸಿತು. ದಪ್ಪಗಿರುವವನನ್ನು ಹೊಟ್ಟೆಬಾಕನೆಂದು ಹಳಿಯುವುದು ಅನ್ಯಾಯ. ಹಳಿದುದರಿಂದ ಯಾರೂ ಇಳಿದವರಿಲ್ಲ. ಬೇಗ ಜೀರ್ಣವಾಗದೆ ಹೊಟ್ಟೆಯಲ್ಲಿ ನಿಂತು, ಪುಷ್ಟಿಯನ್ನು ಮಾತ್ರ ಹೆಚ್ಚಾಗಿ ಕೊಡದ ಆಹಾರವು ಸ್ಥೂಲನಿಗೆ ಹಿತವೆಂದೂ ಅಲ್ಲಿ ಹೇಳಿದೆ. ನಾರುಳ್ಳ ತರಕಾರಿ, ಸೊಪ್ಪು, ಕಾಳು, ಕೋಸಂಬರಿಗಳನ್ನು ಇಂದಿನ ವೈದ್ಯರು ಹೊಗಳುವುದೂ ಇದೇ ಅಭಿಪ್ರಾಯದಿಂದಲೇ.

ಎಷ್ಟು ಇಳಿಸಬೇಕು? ತೂಕವನ್ನು ಕಿಲೋಗ್ರಾಮಿನಲ್ಲಿ ಇಟ್ಟು, ಎತ್ತರವನ್ನು ಮೀಟರಿನಲ್ಲಿ ಅಳೆದು, ಎತ್ತರದ ವರ್ಗದಿಂದ ತೂಕವನ್ನು ಭಾಗಿಸಬೇಕು. ಬೆಲ್ಜಿಯಂ ದೇಶದ ಗಣಿತಜ್ಞ ಕೆಟಲೆಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿದ ಲೆಕ್ಕವಿದು. ಭಾರತೀಯರಿಗೆ ಭಾಗಲಬ್ಧವು 23ರೊಳಗಿದ್ದರೆ ಒಳ್ಳೆಯದು; 25ನ್ನು ದಾಟಿದರೆ ಸ್ಥೌಲ್ಯ. 1.65 ಮೀಟರು ಎತ್ತರದ ಮನುಷ್ಯನು 72 ಕಿಲೋ ಇದ್ದರೆ ಭಾಗಲಬ್ಧವು 26.4. ಅವನು ನಾಲ್ಕು ಕಿಲೋ ಇಳಿಸಿದರೆ 25ಕ್ಕೆ ಬಂದನು. ಸೊಂಟದ ಸುತ್ತಳತೆಯು ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರನ್ನು ಮೀರಬಾರದು. ದರ್ಜಿಯ ಟೇಪೊಂದಿದ್ದರೆ ಸಾಕು.

ತೂಕದಲ್ಲಿ ಒಂದು ಕಿಲೋ ಇಳಿದರೆ ಮೇಲಿನ ಒತ್ತಡವು ಸರಾಸರಿ ಒಂದು ಅಂಕೆ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಆಸ್ಟ್ರೇಲಿಯದಲ್ಲಿ ದಪ್ಪ ಮೈಯವರೂ ರಕ್ತದೊತ್ತಡವುಳ್ಳವರೂ ಆದ ತರುಣರನ್ನು ಸುಮಾರು ಐದು ತಿಂಗಳು ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಎಂಟು ಕಿಲೋ ತೂಕವನ್ನು ಇಳಿಸಿದವರಲ್ಲಿ ದಪ್ಪವಾಗಿದ್ದ ಹೃದಯದ ಗೋಡೆಯೇ ತೆಳುವಾಯಿತು. ಎಂದರೆ, ಹೊರೆಯನ್ನು ಇಳಿಸಿದರೆ ಕುದುರೆಯು ಚೇತರಿಸಿಕೊಳ್ಳುತ್ತದೆ.

ಉಪವಾಸದಿಂದ ಒಮ್ಮೆಲೇ ಇಳಿಸುವ ಸಾಹಸ ಬೇಡ. ಟಾಫ್ಟರ 1906ರ ಅನುಭವವೇ ಸಾಕು. ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾದ ನಡಿಗೆ. ಅನ್ನದ ಪ್ರಮಾಣದಲ್ಲಿ ಕಾಲುಭಾಗ ಕಡಿತ, ಆ ಜಾಗದಲ್ಲಿ ಪಲ್ಯ. ಕಾಫಿಯ ಸಕ್ಕರೆ, ಸಂಜೆಯ ಕರಿದ ತಿಂಡಿಗಳಲ್ಲಿ ಸಂಯಮ. ದಿನಕ್ಕೆ ಉಪ್ಪು ಎಲ್ಲವೂ ಸೇರಿ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾಚಮಚದಷ್ಟರೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕಗಳು ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ಕಳ್ಳರು. ವೃದ್ಧರೂ, ಹೃದಯವು ಆಗಲೇ ಸೋತವರೂ, ಮೂತ್ರಪಿಂಡದ ರೋಗಿಗಳೂ ವೈದ್ಯರನ್ನು ಕೇಳದೆ ತೂಕ ಇಳಿಸುವ ಪ್ರಯತ್ನ ಮಾಡಕೂಡದು. ತೂಕ ಇಳಿಯಿತೆಂದು ಗುಳಿಗೆಯನ್ನು ತಾವಾಗಿ ಬಿಡಲೂ ಕೂಡದು; ಕಡಿಮೆ ಮಾಡಬೇಕಾದರೆ ವೈದ್ಯರೇ ಮಾಡುವರು.

ನಮ್ಮ ಮಿತ್ರರು ಎಕೋ ಮಾಡಿಸಿದರು. ಹೃದಯದ ಗೋಡೆಯು ಸ್ವಲ್ಪ ದಪ್ಪವಾಗಿದೆ, ತಳ್ಳುವ ಬಲ ಚೆನ್ನಾಗಿದೆ ಎಂದರಂತೆ. ನಿದ್ರೆಯ ಪರೀಕ್ಷೆಯೂ ಆಗಿ, ರಾತ್ರಿ ಮೂಗಿಗೆ ಗಾಳಿಯನ್ನೂಡುವ ಯಂತ್ರವೊಂದನ್ನು ಹಾಕಿಕೊಳ್ಳುತ್ತಿದ್ದಾರೆ. ಮೂರು ತಿಂಗಳಲ್ಲಿ ಮೂರು ಕಿಲೋ ಇಳಿದಿದ್ದಾರೆ. ಕಳೆದ ಭಾನುವಾರ ಮತ್ತೆ ಬಂದಿದ್ದರು. ಹದಿನಾಲ್ಕು ಮೆಟ್ಟಿಲುಗಳನ್ನು ಹತ್ತಿ ಬಂದು, ಕುಳಿತೊಡನೆಯೇ ಮಾತಿಗೆ ಆರಂಭಿಸಿದರು. ಅವರ ಮನೆಯವರು ನಮ್ಮ ಕಡೆಗೆ ತಿರುಗಿ, "ಈಗ ರಾತ್ರಿ ನಾನೂ ನಿದ್ರೆ ಮಾಡುತ್ತೇನೆ, ಮೇಷ್ಟರೇ" ಎಂದರು.

ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೂ ಒಮ್ಮೆ ಕುದುರೆಯ ಕ್ಷೇಮವನ್ನು ವಿಚಾರಿಸಬೇಕೆಂದು ನಮ್ಮ ವಿಜ್ಞಾಪನೆ.